1814ರ ಯಾರ್ಕ್‌ಷೈರ್, ಇಬ್ಬರು ಹೆಣ್ಣುಮಕ್ಕಳ ಪ್ರೇಮ: ರಂಗದ ಮೇಲೆ ತಪ್ಪಿಲ್ಲದೆ ತರೋದು ಹೇಗೆ?

ಅಮಾನಿಕೆರೆ:

ತುಮಕೂರಿನ ಹವ್ಯಾಸಿ ತಂಡಕ್ಕಾಗಿ 75 ನಿಮಿಷದ ನಾಟಕವೊಂದರ ಕರಡು ಸಿದ್ಧವಾಗಿದೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡೋ ಯೋಚನೆ. ಕಾಲ 1814, ಜಾಗ ಇಂಗ್ಲೆಂಡಿನ ಯಾರ್ಕ್‌ಷೈರ್. ಹ್ಯಾರಿಯೆಟ್, 23 ವರ್ಷ, ದೊಡ್ಡ ಜಮೀನ್ದಾರರ ಮಗಳು. ಲೂಸಿ, 22 ವರ್ಷ, ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್‌ಗೂ ಅಲ್ಲಿನ ಹೆಂಗಸಿಗೂ ಹುಟ್ಟಿದವಳು, ಅಪ್ಪ ತೀರಿಕೊಂಡ ಮೇಲೆ ಇಂಗ್ಲೆಂಡಿನಲ್ಲಿ ಬೆಳೆದವಳು. ಎರಡೂ ಕಾಲ್ಪನಿಕ ಪಾತ್ರ. ಇಬ್ಬರ ನಡುವೆ ಪ್ರೀತಿ. ಹ್ಯಾರಿಯೆಟ್‌ಗೆ ಗಂಡು ಗೊತ್ತಾಗುತ್ತೆ, ಅಷ್ಟರಲ್ಲಿ ಒಂದು ಪತ್ರ ಸಿಕ್ಕಿಬೀಳುತ್ತೆ.

ಕರಡಿನಲ್ಲಿ ಈಗಿರೋದು ಇಷ್ಟು: ಅಂಚೆಯವನು ಬಾಗಿಲು ಬಡಿದು ಲಕೋಟೆ ಕೊಡ್ತಾನೆ, ಸೋದರತ್ತೆ ಅದನ್ನ ಕದ್ದು ಓದ್ತಾಳೆ, ಕೊನೇ ದೃಶ್ಯದಲ್ಲಿ ಪೊಲೀಸರು ಬಂದು ಲೂಸಿಯನ್ನ ಹಿಡ್ಕೊಂಡು ಹೋಗ್ತಾರೆ. ಇದರಲ್ಲಿ ಎಷ್ಟು ನಿಲ್ಲುತ್ತೆ? ಪತ್ರ, ಬಟ್ಟೆ, ಮಾತು ಯಾವುದರ ಬಗ್ಗೆ ಆದರೂ ತಿಳಿದವರು ಹೇಳಿ. ಖರ್ಚು ಕಮ್ಮಿ ಇರಬೇಕು.

ಅಂತರಗಂಗೆ:

ಮೊದಲು ಪೊಲೀಸರನ್ನ ವಾಪಸ್ ಕಳಿಸಿ. ಲಂಡನ್ನಿಗೇ ಸಮವಸ್ತ್ರದ ಪೊಲೀಸ್ ಪಡೆ ಬಂದಿದ್ದು 1829ರಲ್ಲಿ. 1814ರ ಹಳ್ಳಿಗಳಲ್ಲಿ ಇದ್ದವನು ಪ್ಯಾರಿಷ್ ಕಾನ್‌ಸ್ಟೇಬಲ್, ಊರವರಲ್ಲೇ ಒಬ್ಬ. ಜಮೀನ್ದಾರರ ಪಡಸಾಲೆಗೆ ನುಗ್ಗೋ ಆಸಾಮಿ ಅಲ್ಲ. ಅದಕ್ಕಿಂತ ದೊಡ್ಡ ತೊಡಕು ಅಂದರೆ ಹಿಡಿಯೋಕೆ ಅಪರಾಧವೇ ಇಲ್ಲ. 1533ರ ಕಾಯ್ದೆ ಗಂಡಸರ ಕುತ್ತಿಗೆಗೆ ಹಗ್ಗ ಹಾಕ್ತಿತ್ತು, ಇಬ್ಬರು ಹೆಂಗಸರ ವಿಷಯಕ್ಕೆ ಬರ್ತಿರಲಿಲ್ಲ. 1885ರ ತಿದ್ದುಪಡಿಯೂ ಗಂಡಸರ ಮೇಲೇ. 1921ರಲ್ಲಿ ಹೆಂಗಸರನ್ನೂ ಸೇರಿಸೋಣ ಅಂತ ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆ ಒಪ್ಪಿತು, ಲಾರ್ಡ್ಸ್ ಸಭೆ ಬೇಡ ಅಂತು. ಅವರ ವಾದ ಏನಪ್ಪಾ ಅಂದ್ರೆ, ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದ ಹೆಂಗಸರಿಗೆ ನಾವೇ ಹೇಳಿಕೊಟ್ಟ ಹಾಗಾಗುತ್ತೆ ಅಂತ!

ಇಬ್ಬರು ಗೆಳತಿಯರು ಒಂದೇ ಹಾಸಿಗೆಯಲ್ಲಿ ಮಲಗೋದು, ಕೂದಲಿನ ಎಳೆ ಕತ್ತರಿಸಿ ಲಾಕೆಟ್‌ನಲ್ಲಿ ಇಟ್ಕೊಳ್ಳೋದು, 'ನನ್ನ ಪ್ರಾಣ' ಅಂತ ಬರೆಯೋದು, ಇದೆಲ್ಲ ಆ ಕಾಲದಲ್ಲಿ ಮನೆಯವರ ಕಣ್ಣೆದುರೇ ನಡೀತಿತ್ತು. ಹಾಗಾಗಿ ಕದ್ದು ಭೇಟಿ, ಬಾಗಿಲ ಚಿಲಕ, ಬೆಚ್ಚಿಬೀಳೋದು ಇವು ನಿಮ್ಮ ಕರಡಿನಲ್ಲಿದ್ದರೆ ತೆಗೀರಿ. 1778ರಲ್ಲಿ ಐರ್ಲೆಂಡಿನ ಎಲೀನರ್ ಬಟ್ಲರ್, ಸಾರಾ ಪಾನ್ಸನ್‌ಬಿ ಗಂಡಸರ ವೇಷ ಹಾಕ್ಕೊಂಡು, ಪಿಸ್ತೂಲು ಹಿಡ್ಕೊಂಡು ಓಡಿಹೋದಾಗ ಮನೆಯವರು ಮೊದಲು ನೋಡಿದ್ದು ಇದರ ಹಿಂದೆ ಯಾವನಾದರೂ ಗಂಡಸು ಇದಾನಾ ಅಂತ. ಇಲ್ಲ ಅಂತ ಗೊತ್ತಾದಾಗ ಅರ್ಧ ಸಮಾಧಾನ. ಮೊದಲ ಸಲ ಹಿಡಿದು ತಂದರು, ಕೊನೆಗೆ ಬಿಟ್ಟುಕೊಟ್ಟರು. ವೇಲ್ಸಿನ ಲಾಂಗೊಲೆನ್‌ನಲ್ಲಿ ಐವತ್ತು ವರ್ಷ ಒಟ್ಟಿಗೆ ಇದ್ದರು, ದೊಡ್ಡ ದೊಡ್ಡವರು ಗಾಡಿ ಕಟ್ಕೊಂಡು ನೋಡೋಕೆ ಹೋಗ್ತಿದ್ದರು.

ಹಾಗಾದ್ರೆ ತಡೀತಿದ್ದಿದ್ದು ಏನು? ದುಡ್ಡು. ಮದುವೆಯಾದ ಕೂಡಲೇ ಹೆಂಡತಿಯ ನಗದು, ಒಡವೆ ಎಲ್ಲ ಗಂಡನದು. ಇದು ಬದಲಾಗಿದ್ದು 1870 ಮತ್ತು 1882ರ ಕಾಯ್ದೆಗಳಿಂದ. ಮದುವೆಯಾಗದ, 21 ದಾಟಿದ ಹೆಂಗಸು ಮಾತ್ರ ತನ್ನ ಆಸ್ತಿಗೆ ತಾನೇ ಯಜಮಾನಿ. ಈಗ ನಿಮ್ಮ ಪಾತ್ರಗಳನ್ನ ನೋಡಿ. ಹ್ಯಾರಿಯೆಟ್‌ಗೆ ಅಣ್ಣನೋ ತಮ್ಮನೋ ಇದ್ದರೆ ಎಸ್ಟೇಟು ಅವನಿಗೆ, ಅವಳ ಕೈಯಲ್ಲಿ ಏನೂ ಇಲ್ಲ. ಲೂಸಿಗೆ ಅಪ್ಪ ದುಡ್ಡು ಬಿಟ್ಟಿದ್ದರೆ ಅವಳೇ ಸ್ವತಂತ್ರಳು. ಕರಡಿನಲ್ಲಿ ಶ್ರೀಮಂತೆ, ಅನಾಥೆ ಅಂತ ಹಂಚಿರೋದನ್ನ ತಿರುವಿಹಾಕಿ, ನಾಟಕ ತಾನಾಗೇ ಬಿಗಿಯಾಗುತ್ತೆ. ಆಗ ಯಾರ್ಕ್‌ಷೈರಿನಲ್ಲೇ ಇದ್ದ, ದಿನಚರಿ ಬರೆದಿಟ್ಟ ಆನ್ ಲಿಸ್ಟರ್ ಅನ್ನೋ ಹೆಂಗಸು ಪ್ರೀತಿಸಿದ್ದ ಮರಿಯಾನಾ ಬೆಲ್‌ಕೂಂಬ್ 1816ರಲ್ಲಿ ತನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವನಾದ ಹಣವಂತನನ್ನ ಮದುವೆಯಾದಳು. ವೈದ್ಯರ ಮಗಳು, ಸ್ವಂತ ಆದಾಯ ಇಲ್ಲ. ಅದೇ ಆನ್ ಲಿಸ್ಟರ್, 1826ರಲ್ಲಿ ದೊಡ್ಡಪ್ಪ ತೀರಿಕೊಂಡು ಶಿಬ್ಡನ್ ಹಾಲ್ ಎಸ್ಟೇಟು ತನ್ನ ಪಾಲಿಗೆ ಬಂದ ಮೇಲೆ, 1834ರಲ್ಲಿ ಪಕ್ಕದ ಎಸ್ಟೇಟಿನ ಆನ್ ವಾಕರ್ ಜೊತೆ ಯಾರ್ಕಿನ ಚರ್ಚಿನಲ್ಲಿ ಪ್ರಸಾದ ತಗೊಂಡು ಅದನ್ನೇ ಮದುವೆ ಅಂತ ಎಣಿಸಿದಳು. ಇಬ್ಬರ ಹೆಸರಲ್ಲೂ ಆಸ್ತಿ ಇತ್ತು, ಅದಕ್ಕೇ ಆಯಿತು.

ಕೊನೇ ದೃಶ್ಯಕ್ಕೆ ಪೊಲೀಸರ ಬದಲು ಸರ್ಜನ್ ಬರಲಿ. 1774ರ ಹುಚ್ಚಾಸ್ಪತ್ರೆ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಗೆ ಒಬ್ಬರನ್ನ ಸೇರಿಸೋಕೆ ಒಬ್ಬ ವೈದ್ಯನ, ಸರ್ಜನ್‌ನ, ಇಲ್ಲವೇ ಔಷಧಿ ಕೊಡೋ ಅಪಾತಿಕರಿಯ ಒಂದು ರುಜು ಸಾಕಿತ್ತು. ಲೂಸಿಯ ಕಥೆಗೆ ಹತ್ತಿರದ ನಿಜವಾದ ಹೆಂಗಸು ಎಲೈಜಾ ರೇನ್. ಮದರಾಸಿನ ಕಂಪನಿ ಸರ್ಜನ್‌ನ ಮಗಳು, ತಾಯಿ ಭಾರತೀಯಳು, ಪಾಲಿಗೆ 4000 ಪೌಂಡ್ ಬಂದಿತ್ತು. ಯಾರ್ಕಿನ ಶಾಲೆಯಲ್ಲಿ ಆನ್ ಲಿಸ್ಟರ್‌ನ ಸಹಪಾಠಿ. 1814ರಲ್ಲೇ ಯಾರ್ಕಿನ ಖಾಸಗಿ ಆಸ್ಪತ್ರೆ ಸೇರಿ, 1860ರಲ್ಲಿ ಸಾಯೋವರೆಗೂ ಆರೈಕೆಯಲ್ಲೇ ಇದ್ದಳು. ಪ್ರೀತಿಯಿಂದಲೇ ಹುಚ್ಚು ಹಿಡೀತು ಅಂತ ಮಾತ್ರ ಬರೀಬೇಡಿ, ಅದು ಸಿನಿಮಾ ಆಗುತ್ತೆ.

ಸಿದ್ಧರಬೆಟ್ಟ:

ಅಂತರಗಂಗೆ ಹೇಳಿದ್ದು ಸರಿ. ಇನ್ನು ಕಾಗದದ ವಿಷಯ, ಯಾಕಂದ್ರೆ ನಿಮ್ಮ ನಾಟಕದ ಅಪಾಯ ಎಲ್ಲ ಇರೋದು ಅದರಲ್ಲೇ.

ಲಕೋಟೆ ಬೇಡ. ಅಂಚೆಚೀಟಿ ಬಂದಿದ್ದು 1840. ಅದಕ್ಕೆ ಮುಂಚೆ ದುಡ್ಡು ಕೊಡ್ತಿದ್ದವರು ಪತ್ರ ತಗೊಳ್ಳೋರು, ದೂರದ ಮೇಲೆ, ಹಾಳೆ ಎಷ್ಟು ಅನ್ನೋದರ ಮೇಲೆ. 1812ರ ದರದಲ್ಲಿ 15 ಮೈಲಿವರೆಗೆ 4 ಪೆನ್ಸ್, 30ರಿಂದ 50 ಮೈಲಿಗೆ 7 ಪೆನ್ಸ್. ಯಾರ್ಕಿನಿಂದ ಹ್ಯಾಲಿಫ್ಯಾಕ್ಸ್ ಕಡೆಗೆ ಅಂದರೆ 7. ಮೇಲೊಂದು ಲಕೋಟೆ ಸುತ್ತಿದರೆ ಅದೂ ಒಂದು ಹಾಳೆ, 14 ಪೆನ್ಸ್ ಆಯಿತು. ಹಾಗಾಗಿ ಒಂದೇ ಹಾಳೆಯನ್ನ ಮಡಚಿ, ಹೊರಮೈ ಮೇಲೆ ವಿಳಾಸ ಬರೆದು, ಅರಗಿನ ಮುದ್ರೆ ಒತ್ತೋರು. ಜಾಗ ಸಾಲದಿದ್ದರೆ ಹಾಳೆಯನ್ನ ಕಾಲು ಸುತ್ತು ತಿರುಗಿಸಿ ಬರೆದ ಸಾಲುಗಳ ಮೇಲೇ ಅಡ್ಡಡ್ಡ ಬರೀತಿದ್ದರು.

ಅಂಚೆಯವನು ಹಳ್ಳಿಮನೆ ಬಾಗಿಲು ಬಡಿಯೋದೂ ಬೇಡ. ಆಳು ಪಟ್ಟಣಕ್ಕೆ ಹೋಗಿ ಚೀಲದಲ್ಲಿ ತರ್ತಾನೆ, ಚೀಲದ ಬೀಗದಕೈ ಯಜಮಾನನ ಹತ್ತಿರ. ತಿಂಡಿ ಮೇಜಿನ ಮೇಲೆ ಪತ್ರ ಹಂಚಿಕೆ. ಈಗ ಇಕ್ಕಟ್ಟು ನೋಡಿ: ಮಗಳ ಪ್ರೇಮಪತ್ರಕ್ಕೆ 7 ಪೆನ್ಸ್ ಕೊಟ್ಟವನು ಅಪ್ಪ. ಯಾರ ಕೈಬರಹ ಅಂತ ಅವನಿಗೆ ಗೊತ್ತು, ವಾರಕ್ಕೆ ಎಷ್ಟು ಬರುತ್ತೆ ಅಂತ ಲೆಕ್ಕ ಗೊತ್ತು. ಮೇಲೆ 'ಏನು ಬರೆದಿದಾಳಮ್ಮ, ಸ್ವಲ್ಪ ಓದು' ಅಂತಾನೆ. ಪತ್ರ ಗಟ್ಟಿಯಾಗಿ ಓದೋದು ಮನೆಯ ವಾಡಿಕೆ. ಆದ್ದರಿಂದ ಜಾಣೆಯರು ಪತ್ರವನ್ನ ಎರಡು ಭಾಗ ಮಾಡಿ ಬರೀತಿದ್ದರು, ಓದಿ ಹೇಳೋಕೆ ಹವಾಮಾನ, ನೆಗಡಿ, ನೆಂಟರು. ನಡುವೆ ಎಲ್ಲೋ ನಾಲ್ಕು ಸಾಲು ಅವಳಿಗೆ ಮಾತ್ರ. ಹ್ಯಾರಿಯೆಟ್ ಗಟ್ಟಿಯಾಗಿ ಓದ್ತಾ ಓದ್ತಾ ಆ ನಾಲ್ಕು ಸಾಲಿಗೆ ಬಂದಾಗ ಕಣ್ಣು ಕೆಳಗೆ ಜಾರಬೇಕು, ಬಾಯಿ ಮಾತ್ರ ನಿಲ್ಲಬಾರದು. ಒಳ್ಳೆ ನಟಿಗೆ ಇದಕ್ಕಿಂತ ಬೇರೆ ದೃಶ್ಯ ಬೇಡ.

ಮಾಡೋ ವಿಧಾನ: ಎ3 ಅಳತೆಯ ದಪ್ಪ ಬಿಳಿ ಕಾಗದ, ಸಿಕ್ಕರೆ ಕೈಕಾಗದ. ಆಗಿನ ಹಾಳೆ ಇದಕ್ಕಿಂತ ಚಿಕ್ಕದು, ಆದರೆ ಹಿಂದಿನ ಸಾಲಿಗೂ ಕಾಣಬೇಕಲ್ಲ. ಅರ್ಧಕ್ಕೆ ಮಡಚಿದರೆ ನಾಲ್ಕು ಪುಟ. ಮೂರರಲ್ಲಿ ಬರವಣಿಗೆ, ನಾಲ್ಕನೆಯದು ಹೊರಮೈ. ಎಡ ಬಲ ಅಂಚುಗಳನ್ನ 5 ಸೆಂಟಿಮೀಟರ್ ಒಳಕ್ಕೆ ಮಡಚಿ. ಉದ್ದನೆ ಪಟ್ಟಿ ಬರುತ್ತೆ. ಅದನ್ನ ಮೂರು ಸಮ ಭಾಗ ಮಾಡಿ, ಒಂದು ತುದಿಯನ್ನ ಇನ್ನೊಂದರ ಬಾಯೊಳಗೆ ತೂರಿಸಿ. ಸುಮಾರು 11 × 10 ಸೆಂಟಿಮೀಟರಿನ ಪೊಟ್ಟಣ. ತೂರಿಸಿದ ಸೇರುವೆಯ ಮೇಲೆ ಅರಗು.

ಮೇಣದಬತ್ತಿ ಕರಗಿಸಿ ಸುರಿಯೋ ತಪ್ಪು ಮಾಡಬೇಡಿ. ಮೇಣ ಕಾಗದಕ್ಕೆ ಎಣ್ಣೆಯ ಹಾಗೆ ಇಳಿಯುತ್ತೆ, ಹಿಡಿಯಲ್ಲ, ಒಡೆದಾಗ ಸದ್ದೂ ಬರಲ್ಲ. ಅರಗಿನ ಕಡ್ಡಿಯೇ ತನ್ನಿ. ಜ್ವಾಲೆಯ ಒಳಗೆ ಹಿಡಿದರೆ ಮಸಿ ಸೇರಿ ಕಪ್ಪಾಗುತ್ತೆ, ಸ್ವಲ್ಪ ಮೇಲೆ ಹಿಡಿದು ಕರಗಿಸಿ. ಎರಡು ಸೆಂಟಿಮೀಟರ್ ಅಗಲ ಬಿದ್ದ ಮೇಲೆ ಒಂದೈದು ಸೆಕೆಂಡು ಬಿಟ್ಟು, ಮುದ್ರೆಗೆ ಬಾಯಿಂದ ಹಬೆ ಊದಿ ಒತ್ತಿ. ಒಣ ಮುದ್ರೆ ಅರಗಿಗೆ ಕಚ್ಚಿಕೊಳ್ಳುತ್ತೆ. ಕೆಂಪು ಅರಗು ಮಾಮೂಲಿ. ಕಪ್ಪು ಅಂದರೆ ಸಾವಿನ ಮನೆಯದು. ಮೇಜಿನ ಮೇಲೆ ಕಪ್ಪು ಮುದ್ರೆ ಬಿದ್ದರೆ ಒಡೆಯೋಕೆ ಮುಂಚೆಯೇ ಎಲ್ಲರೂ ತಿಂಡಿ ನಿಲ್ಲಿಸ್ತಾರೆ.

ಕಾಗದಕ್ಕೆ ಟೀ ಡಿಕಾಕ್ಷನ್ ಬಳಿದು ಹಳದಿ ಮಾಡೋ ಚಟ ನಮ್ಮ ಎಲ್ಲ ತಂಡಗಳಿಗೂ ಇದೆ. ನಿನ್ನೆ ಬರೆದ ಪತ್ರ ಇವತ್ತು ಬಂದಿದೆ ಅಲ್ವಾ, 1814ರಲ್ಲಿ ಅದು ಹೊಸದು! ಬಿಳೀನೇ ಇರಲಿ. ಶಾಯಿಯೂ ಕಪ್ಪೇ, ಕಂದು ಬಣ್ಣ ಬರೋದು ವರ್ಷಗಳಾದ ಮೇಲೆ.

ಇನ್ನೊಂದು. ಮುದ್ರೆ ಒಡೆದಾಗ ಕಾಗದ ಚೂರು ಕಿತ್ತು ಬರುತ್ತೆ, ಮೂರನೇ ಪುಟದ ಅಂಚಲ್ಲಿ ತೂತು. ಅನುಭವ ಇರೋರು ಅಲ್ಲಿ ಮೊದಲೇ ಜಾಗ ಖಾಲಿ ಬಿಡ್ತಿದ್ದರು. ಅವಸರದಲ್ಲಿ ಬರೆದವರ ಒಂದು ಪದ ಆ ತೂತಿನಲ್ಲಿ ಹೋಗ್ತಿತ್ತು. ಯಾವ ಪದ ಹೋಗಬೇಕು ಅಂತ ನೀವೇ ಆರಿಸಿ.

ಸೋದರತ್ತೆ ಮುದ್ರೆ ಒಡೆಯಬೇಕಾಗಿಯೂ ಇಲ್ಲ. ಪೊಟ್ಟಣದ ಎರಡೂ ಪಕ್ಕ ಅಮುಕಿದರೆ ಮಡಿಕೆಗಳು ಬಾಯಿ ಬಿಡುತ್ತೆ, ಕಿಟಕಿ ಬೆಳಕಿಗೆ ಹಿಡಿದರೆ ಒಳಗಿನ ಅರ್ಧರ್ಧ ಸಾಲು ಕಾಣುತ್ತೆ. ಅರ್ಧ ಓದಿದ್ದು ಪೂರ್ತಿ ಓದಿದ್ದಕ್ಕಿಂತ ಅಪಾಯ. ಒಡೆಯಲೇಬೇಕು ಅಂದರೆ ಕಾಯಿಸಿದ ತೆಳು ಚಾಕು ಅರಗಿನ ಅಡಿಗೆ ಜಾರಿಸಬೇಕು. ಮತ್ತೆ ಅಂಟಿಸಿದಾಗ ಹಳೇ ಅರಗಿನ ಸುತ್ತ ಹೊಸ ಅರಗಿನ ಉಂಗುರ ಉಳಿಯುತ್ತೆ, ಹ್ಯಾರಿಯೆಟ್‌ಗೆ ಗೊತ್ತಾಗೋದು ಅದರಿಂದಲೇ.

ಪ್ರದರ್ಶನಕ್ಕೆ ಒಂದರ ಹಾಗೆ ಹೊಸ ಪತ್ರ ಬೇಕು. ತಾಲೀಮಿಗೂ ಸೇರಿಸಿ ಹದಿನೈದು ಮಾಡಿಟ್ಟುಕೊಳ್ಳಿ.

ನಂದಿಗಾಳಿ:

ಬಟ್ಟೆ ಬಗ್ಗೆ. ಶಿಡ್ಲಘಟ್ಟದ ಕಡೆಯವರು ಹೇಳಬಾರದ ಮಾತು, ಆದರೆ ರೇಷ್ಮೆ ಬೇಡ. ಆಗ ಹಗಲು ಹೊತ್ತು ವಯಸ್ಸಿನ ಹುಡುಗಿಯರದು ಬಿಳಿ ಮಸ್ಲಿನ್, ಅದರಲ್ಲೂ ಭಾರತದಿಂದ ಹೋದದ್ದಕ್ಕೆ ಬೆಲೆ ಜಾಸ್ತಿ. ಅಂಗಡಿಯಲ್ಲಿ ಮಲ್ ಬಟ್ಟೆ ಅಂತ ಕೇಳಿ. 44 ಇಂಚು ಪನ್ನದ್ದು ಒಬ್ಬರಿಗೆ ಐದೂವರೆಯಿಂದ ಆರು ಮೀಟರ್. ಒಳಲಂಗಕ್ಕೆ ಪಾಪ್ಲಿನ್ ಎರಡೂವರೆ ಮೀಟರ್ ಬೇರೆ. ಒಳಲಂಗ ಉಳಿಸೋಕೆ ಹೋದರೆ ಹಿಂದಿನ ಲೈಟ್ ಹಾಕಿದ ಕೂಡಲೇ ಕಾಲು ಪೂರ್ತಿ ಕಾಣುತ್ತೆ. ಕತ್ತರಿಸೋಕೆ ಮುಂಚೆ ನೆನೆಸಿ ಒಣಗಿಸಿ, ಮಲ್ ಕುಗ್ಗದೆ ಬಿಡಲ್ಲ.

ಸೊಂಟದ ಗೆರೆ ಎದೆಯ ಕೆಳಗೇ. ಕತ್ತು ಮತ್ತು ಆ ಗೆರೆಗೆ ಲಾಡಿ ಪೋಣಿಸಿ ಹಿಂದೆ ಕಟ್ಟಬೇಕು. ಸಿನಿಮಾದಲ್ಲಿ ಕಾಣೋ, ಉಸಿರುಗಟ್ಟಿಸೋ ಕಾರ್ಸೆಟ್ ಈ ಕಾಲದ್ದಲ್ಲ, ಲೋಹದ ಕಣ್ಣುಗಳೂ ಇನ್ನೂ ಬಂದಿರಲಿಲ್ಲ. ಜಿಪ್ ಹಾಕಬೇಡಿ. ವೆಲ್ಕ್ರೋ ಅಂತೂ ಬೇಡವೇ ಬೇಡ, ಮೌನದ ದೃಶ್ಯದಲ್ಲಿ 'ಚರ್ರ್' ಅಂದರೆ ಸಭಾಂಗಣ ನಗುತ್ತೆ. ಹಿಂದಿನ ಲಾಡಿಯನ್ನ ತಾನೇ ಕಟ್ಕೊಳ್ಳೋದು ಕಷ್ಟ, ಇನ್ನೊಬ್ಬರು ಬೇಕು. ಇದನ್ನ ಉಪಯೋಗಿಸ್ಕೊಳ್ಳಿ: ಮೊದಲ ಅಂಕದಲ್ಲಿ ಲೂಸಿ ಕಟ್ತಾಳೆ, ಕೊನೆಯಲ್ಲಿ ಮದುವೆ ದಿನ ಆಳುಮಗಳು.

ಆನ್ ಲಿಸ್ಟರ್ ಹಾಗೆ ಕಪ್ಪು ಉಡುಪು ಹಾಕಿಸೋ ಆಸೆ ಬಂದರೆ ತಡೀರಿ. ಅವಳು ಯಾವಾಗಲೂ ಕಪ್ಪೇ ಅಂತ ತೀರ್ಮಾನ ಮಾಡಿದ್ದು 1817ರಲ್ಲಿ.

ಅಂದಹಾಗೆ, ಇಷ್ಟೆಲ್ಲ ಯಾಕೆ, ಕಥೆಯನ್ನ 1905ರ ಕೆಜಿಎಫ್‌ಗೆ ತರಬಾರದಾ? ಬಂಗಲೆ, ಕ್ಲಬ್ಬು, ದೊರೆಸಾನಿಯರು ಎಲ್ಲ ಅಲ್ಲೇ ಇದ್ದರು.

ಅಂತರಗಂಗೆ:

ಕೋಲಾರದವರಿಗೆ ಆಸೆಯೇನೋ ಆಗುತ್ತೆ, ಆದರೆ ಬೇಡ. 1894ಕ್ಕೇ ಬೌರಿಂಗ್‌ಪೇಟೆಯಿಂದ ರೈಲು, 1902ಕ್ಕೆ ಶಿವನಸಮುದ್ರದ ಕರೆಂಟು. ಅರ್ಧ ಆಣೆಯ ಅಂಚೆಚೀಟಿ 1854ರಲ್ಲೇ ಬಂದಿತ್ತು, ಮೈಸೂರು ಅಂಚೆಯೂ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಗಿತ್ತು. ಅಪ್ಪ ದುಡ್ಡು ಕೊಟ್ಟು ಬಿಡಿಸ್ಕೊಳ್ಳೋ ಪತ್ರವೇ ಇಲ್ಲ ಅಂದ ಮೇಲೆ ಸಿದ್ಧರಬೆಟ್ಟ ಹೇಳಿದ ತಿಂಡಿ ಮೇಜಿನ ದೃಶ್ಯ ಹೋಯ್ತು.

ಲೂಸಿ ವಿಷಯದಲ್ಲಿ ಒಂದು ಬಿಟ್ಟಿದ್ದೆ. ಎಡಿನ್‌ಬರೋದಲ್ಲಿ ಶಾಲೆ ನಡೆಸ್ತಿದ್ದ ಇಬ್ಬರು ಉಪಾಧ್ಯಾಯಿನಿಯರು, ಮಿಸ್ ಪೀರಿ ಮತ್ತು ಮಿಸ್ ವುಡ್ಸ್. 1810ರಲ್ಲಿ ಅವರ ಮೇಲೆ ಇಂಥದ್ದೇ ಆರೋಪ ಬಂತು. ಆರೋಪ ಹೇಳಿದ್ದು ಅದೇ ಶಾಲೆಯ ಒಬ್ಬ ಹುಡುಗಿ, ಅವಳ ತಾಯಿ ಭಾರತೀಯಳು, ಅಜ್ಜಿ ಡೇಮ್ ಕಮಿಂಗ್ ಗಾರ್ಡನ್. ಅಜ್ಜಿ ಉಳಿದ ಮನೆಗಳಿಗೆ ಸುದ್ದಿ ಕಳಿಸಿದ್ದೇ ತಡ, ಶಾಲೆ ಖಾಲಿ. ಉಪಾಧ್ಯಾಯಿನಿಯರು ಮಾನನಷ್ಟದ ದಾವೆ ಹಾಕಿದರು. 1811ರಲ್ಲಿ ಒಂದು ಮತದಿಂದ ಸೋತರು, 1812ರಲ್ಲಿ ಒಂದು ಮತದಿಂದ ಗೆದ್ದರು, 1819ರಲ್ಲಿ ಲಾರ್ಡ್ಸ್ ಸಭೆ ಅದನ್ನೇ ಎತ್ತಿಹಿಡೀತು. ಇಂಥ ಪಾಪ ನಮ್ಮ ದೇಶದ ಹೆಂಗಸರಿಗೆ ಗೊತ್ತಿಲ್ಲ, ಹುಡುಗಿ ಭಾರತದಲ್ಲಿ ಕಲಿತು ಬಂದದ್ದು ಅನ್ನೋ ತರ್ಕ ನ್ಯಾಯಪೀಠದಲ್ಲೇ ಹರಿದಾಡಿತು. ನಿಮ್ಮ ಸೋದರತ್ತೆ ಹಾದಿ ತಪ್ಪಿಸಿದವಳು ಯಾರು ಅಂತ ಒಂದು ಕ್ಷಣವೂ ಯೋಚಿಸಲ್ಲ. ಮದರಾಸಿನವಳು, ಇನ್ಯಾರು.

ಪಾವಗಡದ ಬಿಸಿಲು:

ಮಾತಿನ ಬಗ್ಗೆ ಯಾರೂ ಹೇಳಲಿಲ್ಲ. 'ಸಲಿಂಗಪ್ರೇಮ' ಅನ್ನೋ ಪದ ಯಾರ ಬಾಯಲ್ಲೂ ಬೇಡ, ಅಂಥ ಪದ ಆಗ ಬಳಕೆಯಲ್ಲೇ ಇರಲಿಲ್ಲ. 'ಗೆಳೆತನ', 'ಸಖಿ' ಸಾಕು. ಸೋದರತ್ತೆಯೇ ಮೊದಲ ಅಂಕದಲ್ಲಿ 'ಎಷ್ಟು ಅನ್ಯೋನ್ಯವಾಗಿದಾವೆ ನೋಡ್ರೀ ಮಕ್ಕಳು' ಅನ್ನಲಿ.

ಕನ್ನಡದಲ್ಲಿ ನಿಮಗೊಂದು ಆಯುಧ ಇದೆ, ನೀವು ಮತ್ತು ನೀನು. ಆ ಕಾಲದ ಇಂಗ್ಲಿಷ್ ಪಡಸಾಲೆಯಲ್ಲಿ ಎರಡಕ್ಕೂ ಒಂದೇ ಪದ. ಅವರಿಗೆ ಸಲಿಗೆ ಗೊತ್ತಾಗ್ತಿದ್ದಿದ್ದು ಮನೆತನದ ಹೆಸರು ಬಿಟ್ಟು ಹುಟ್ಟುಹೆಸರು ಹಿಡಿದು ಕರೆದಾಗ. ನಮ್ಮಲ್ಲಿ ಬಹುವಚನ ಬಿಟ್ಟಾಗ. ಹಾಗಾಗಿ ಮೊದಲ ಅರ್ಧ ಗಂಟೆ 'ನೀವು ನಾಳೆ ಬರ್ತೀರಾ?' ಅಂತಲೇ ಇರಲಿ. ಆಮೇಲೆ ಒಂದು ಸಲ, ಯಾವ ಸಂಗೀತವೂ ಇಲ್ಲದೆ, 'ನಾಳೆ ಬಾರೆ.' ಪ್ರೇಮ ನಿವೇದನೆ ಮುಗೀತು. ಇದೇ ಏಕವಚನ ಮಂದಿ ಎದುರು ತಪ್ಪಿ ಒಮ್ಮೆ ಬಾಯಿಗೆ ಬಂದರೆ ಸೋದರತ್ತೆ ತಲೆ ಎತ್ತಿ ನೋಡಲಿ. 'ಕಣೇ' ಮಾತ್ರ ಸಾಲಿಗೊಂದು ಹಾಕಬೇಡಿ, ಹಾಸ್ಟೆಲ್ ಹುಡುಗಿಯರ ಥರ ಆಗುತ್ತೆ.

ಅಮಾನಿಕೆರೆ:

ಪೊಲೀಸರನ್ನ ತೆಗೆದಾಯಿತು, ಸರ್ಜನ್ ಬಂದ. ಆ ನಾಲ್ಕು ಸಾಲು ಗುಪ್ತಲಿಪಿಯಲ್ಲಿ ಇರಬೇಕು ಅಂದ್ಕೊಂಡಿದೀವಿ, ಹಿಂದಿನ ಪರದೆ ಮೇಲೆ ದೊಡ್ಡದಾಗಿ ಮೂಡಿಸೋ ಆಲೋಚನೆ. ನೋಡೋರಿಗೆ ಕನ್ನಡದಲ್ಲೇ ಬಿಡಿಸೋಕೆ ಆಗಬೇಕು, ಸೋದರತ್ತೆಗೂ. ಹೇಗೆ?

ಸಿದ್ಧರಬೆಟ್ಟ:

ಕೈಯಲ್ಲಿರೋ ಪತ್ರಕ್ಕೆ ಆನ್ ಲಿಸ್ಟರ್ ರೀತಿ ಹಾಕಿ. ಗ್ರೀಕ್ ಅಕ್ಷರ, ಬೀಜಗಣಿತದ ಗುರುತು, ಅಂಕಿ, ಪದಗಳ ನಡುವೆ ಜಾಗವೇ ಬಿಡದೆ. ಅದು ಶುರುವಾಗಿದ್ದು ಎಲೈಜಾ ಮತ್ತು ಅವಳ ನಡುವಿನ ಓಲೆಗಳಲ್ಲಿ. ಆಮೇಲೆ ಅವಳ ದಿನಚರಿಯ ಸುಮಾರು ಆರನೇ ಒಂದು ಭಾಗ ಅದೇ ಲಿಪಿ. ಅದನ್ನ ಬಿಡಿಸಿದ್ದು 1890ರ ದಶಕದಲ್ಲಿ, ಅದೇ ಮನೆತನದ ಜಾನ್ ಲಿಸ್ಟರ್ ಮತ್ತು ಅವನ ಸ್ನೇಹಿತ ಬರೆಲ್. 'ದೇವರಲ್ಲಿ ನನ್ನ...' ಅನ್ನೋ ಸಾಲಿನ ಕೊನೆಗೆ ನಾಲ್ಕು ಗುರುತಿನ ಪದ ಸಿಕ್ಕಿತು, ಇಂಗ್ಲಿಷಿನ 'hope' (ಭರವಸೆ) ಇರಬೇಕು ಅಂತ ಊಹಿಸಿದರು. ಆ ನಾಲ್ಕು ಅಕ್ಷರದ ಎಳೆ ಹಿಡಿದು ರಾತ್ರಿ ಬೆಳಗಾಗೋದರೊಳಗೆ ಬಹುಪಾಲು ಬಿಚ್ಚಿಕೊಂಡಿತು. ಓದಿ ಬೆಚ್ಚಿದ ಬರೆಲ್ ಸುಟ್ಟುಬಿಡು ಅಂದ. ಜಾನ್ ಸುಡಲಿಲ್ಲ, ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟ.

ಪರದೆಗೆ ಕನ್ನಡ ವರ್ಣಮಾಲೆಯೇ ಒಳ್ಳೆ ಕೋಷ್ಟಕ. ಕವರ್ಗ ಒಂದನೇ ಸಾಲು, ಚವರ್ಗ ಎರಡು, ಟವರ್ಗ ಮೂರು, ತವರ್ಗ ನಾಲ್ಕು, ಪವರ್ಗ ಐದು. ಯ ಇಂದ ಳ ವರೆಗೆ ಆರನೇ ಸಾಲು, 61ರಿಂದ 69. ಸಾಲಿನ ಸಂಖ್ಯೆ, ಆಮೇಲೆ ಅದರಲ್ಲಿ ಎಷ್ಟನೆಯದು. ನ ಅಂದರೆ 45, ಬ 53, ಳ 69. ಮೂರನೇ ಅಂಕಿ ಸ್ವರ: ಅ 1, ಆ 2, ಇ 3, ಈ 4, ಉ 5, ಊ 6, ಎ 7, ಏ 8, ಒ 9, ಓ 0. 'ನಾಳೆ ಬಾ' ಅಂದರೆ 452697532.

ಎಡವೋದು ಮೂರು ಕಡೆ. ಒತ್ತಕ್ಷರ ಬಂದರೆ ಮೂರರ ಲೆಕ್ಕ ಕೆಡುತ್ತೆ. 'ಹೋಗುತ್ತೇನೆ' ಬದಲು 'ಹೋಗುವೆ' ಅಂತ ಬರೆಸಿ, 'ಉತ್ತೇನೆ' ಪದೇ ಪದೇ ಬಂದು ಗುಟ್ಟು ಬಿಟ್ಟುಕೊಡೋದೂ ತಪ್ಪುತ್ತೆ. ಕನ್ನಡ ಅಂಕಿಯಲ್ಲಿ ಬರೆದರೆ ಚಂದ, ಆದರೆ ೬ ಮತ್ತು ೯ ಅವಸರದ ಬರಹದಲ್ಲಿ ಅವಳಿ ಮಕ್ಕಳು, 'ಹೂ' ಹೋಗಿ 'ಹೊ' ಆಗುತ್ತೆ. ಮೂರನೆಯದು ತಪ್ಪಲ್ಲ, ನಿಮ್ಮ ದೃಶ್ಯಕ್ಕೆ ಬೇಕಾದ ಬಿರುಕು. ಕನ್ನಡದಲ್ಲಿ ಅಕಾರ ಎಲ್ಲದಕ್ಕಿಂತ ಜಾಸ್ತಿ. ಹಾಗಾಗಿ ಮೂರನೇ ಜಾಗದಲ್ಲಿ ಮತ್ತೆ ಮತ್ತೆ 1 ಕೂರುತ್ತೆ. ಸೋದರತ್ತೆಯನ್ನ ಹೆಣಿಗೆ ಹಾಕೋಳಾಗಿ ತೋರಿಸಿ, ಮೂರು ಹೊಲಿಗೆಗೊಂದು ತಿರುವು ಅವಳ ಬೆರಳಿಗೇ ಗೊತ್ತು. ಕಡ್ಡಿ ತುದಿಯಲ್ಲಿ ಅಂಕಿಗಳನ್ನ ಮೂರು ಮೂರಾಗಿ ಎಣಿಸ್ತಾ ಹೋಗಲಿ, ಪರದೆ ಮೇಲೆ ಗೆರೆ ಬೀಳ್ತಾ ಬರಲಿ: 452, 697, 532.

ಪಾವಗಡದ ಬಿಸಿಲು:

'ಬಾ' 532, 'ಬೇ' 538. ಸೋದರತ್ತೆ ಶಾಯಿ ಹಿಡಿದು ಆ 2 ಅನ್ನ 8 ಮಾಡಿ, ಮುಂದೆ 331 ಸೇರಿಸಿ ಮತ್ತೆ ಮುದ್ರೆ ಒತ್ತಿದರೆ 'ನಾಳೆ ಬೇಡ'. ಸುಡೋದೂ ಬೇಡ, ಹರಿಯೋದೂ ಬೇಡ. ಅರಗಿನ ಉಂಗುರ ಮಾತ್ರ ಮರೀಬೇಡಿ.